ನನ್ನ ಲೈಸೆನ್ಸ್ ಒಂದು ಫ್ಲೇಂಜ್‌ಗೆ ಮುಗಿಯುತ್ತದೆ

ಹನ್ನೊಂದು ವರ್ಷ ಪ್ಲಂಬಿಂಗ್ ಮಾಡಿದವನಿಗೆ ಪೈಪ್ ಅಂದರೆ ಪೈಪ್, ಅಷ್ಟೇ. ಹಾಗಾಗಿ ಒಂದು ಗೋದಾಮಿಗೆ ಬೆಂಕಿ ಬಿದ್ದಾಗ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್‌ನ ರೈಸರ್‌ವರೆಗೆ (ನೀರು ಮೇಲೇರುವ ನೇರ ಪೈಪ್) ನಾಲ್ಕಿಂಚಿನ ಲೈನ್ ಹಾಕಿಕೊಡಿ ಎಂದಾಗ ಸುಮ್ನೆ ಒಪ್ಪಿಕೊಂಡೆ. ಪೈಪ್ ಹಾಕಿದ್ದೂ ಆಯಿತು, ಗುಂಡಿ ಮುಚ್ಚಿದ್ದೂ ಆಯಿತು. ನೋಡಲು ಬಂದ ಇನ್‌ಸ್ಪೆಕ್ಟರ್ ಮೊದಲು ಕೇಳಿದ್ದು, "ಟೆಸ್ಟ್ ಸರ್ಟಿಫಿಕೇಟ್‌ಗೆ ಸಹಿ ಹಾಕೋರು ಯಾರು?"

"ನಾನೇ ಸಾರ್."

"ನಿಮ್ಮ ಲೈಸೆನ್ಸ್ ಆ ಟೀ ಹತ್ರಾನೇ ಮುಗೀತಲ್ರೀ."

ಅವರು ತೋರಿಸಿದ್ದು ಕುಡಿಯುವ ನೀರಿನ ಲೈನ್ ಕವಲೊಡೆಯುವ, ಇಂಗ್ಲಿಷ್ T ಆಕಾರದ ಜಾಯಿಂಟ್. ಅಲ್ಲಿಂದಾಚೆ ನೀರು ಬೆಂಕಿಗೆ ಮಾತ್ರ. ಬಹಳ ಕಡೆ ನಿಯಮದ ಗೆರೆ ಬೀಳುವುದು ಅಲ್ಲೇ. ಈಚೆ ಪ್ಲಂಬರ್, ಆಚೆ ಸ್ಪ್ರಿಂಕ್ಲರ್ ಕಂಟ್ರಾಕ್ಟರ್. ಮನೆಗಳಲ್ಲಿ ಇನ್ನೂ ಗೋಜಲು. ಮನೆಗಳ ಸ್ಪ್ರಿಂಕ್ಲರ್‌ಗೆಂದೇ ಇರುವ ಅಮೆರಿಕದ ಮಾನದಂಡ ಎನ್‌ಎಫ್‌ಪಿಎ 13ಡಿ ಪ್ರಕಾರ ನಲ್ಲಿಗೂ ಸ್ಪ್ರಿಂಕ್ಲರ್‌ಗೂ ಒಂದೇ ಪೈಪ್‌ನಿಂದ ನೀರು ಕೊಡಬಹುದು. ಅದು ಯಾರ ಕೆಲಸ ಎಂಬುದು ಊರಿಗೊಂದು ಥರ. ಕೊಟೇಶನ್ ಕೊಡುವ ಮೊದಲೇ ಕೇಳಿಕೊಳ್ಳಿ.

ಲೈಸೆನ್ಸ್ ಇದ್ದವರೊಬ್ಬರನ್ನು ಕೈಕಾಲು ಹಿಡಿದು ಕರೆತಂದೆ. ಜಾಯಿಂಟ್‌ಗಳು ಕಾಣುವಂತೆ ಗುಂಡಿ ತೆಗೆಸಿದರು, ನನ್ನ ಖರ್ಚಿನಲ್ಲೇ. ರೈಸರ್‌ಗೆ ಜೋಡಿಸುವ ಮೊದಲು ಲೈನ್ ಫ್ಲಶ್ ಆಗಬೇಕು ಅಂದರು. ನಾನು ವಾಲ್ವ್ ತೆರೆದು ಐದು ನಿಮಿಷ ನೀರು ಬಿಟ್ಟರಾಯಿತು ಅಂದುಕೊಂಡಿದ್ದೆ. ಹಾಗಲ್ಲವಂತೆ. ಸೆಕೆಂಡಿಗೆ ಹತ್ತಡಿ ವೇಗದಲ್ಲಿ ನೀರು ಹರಿಯಬೇಕು. ನಾಲ್ಕಿಂಚಿನ ಪೈಪಿಗೆ ಅದು ನಿಮಿಷಕ್ಕೆ ಸುಮಾರು 1,475 ಲೀಟರ್. ಬಾಯಿಗೆ ಗೋಣಿಚೀಲ ಕಟ್ಟಿ ಬಿಟ್ಟೆವು. ಬಿಚ್ಚಿ ನೋಡಿದರೆ ಒಂದು ಹಿಡಿ ಜಲ್ಲಿ, ಜೊತೆಗೊಂದು ಮರದ ಚಕ್ಕೆ! ನೀರು ಚಿಮ್ಮುವ ಮಾಮೂಲಿ ಸ್ಪ್ರಿಂಕ್ಲರ್ ಹೆಡ್‌ನ ತೂತು ಅರ್ಧ ಇಂಚು. ನಲ್ಲಿಯಲ್ಲಿ ಕಲ್ಲು ಸಿಕ್ಕಿಕೊಂಡರೆ ಮಾರನೇ ದಿನ ಫೋನ್ ಬರುತ್ತದೆ. ಇಲ್ಲಿ ಬೆಂಕಿ ಬೀಳುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ?

ಆಮೇಲೆ ಒತ್ತಡದ ಪರೀಕ್ಷೆ: 200 ಪಿಎಸ್ಐ (ಚದರ ಇಂಚಿಗೆ ಪೌಂಡ್), ಎರಡು ಗಂಟೆ ಇಳಿಯದೆ ನಿಲ್ಲಬೇಕು. ಇಪ್ಪತ್ತು ನಿಮಿಷಕ್ಕೆ ಗೇಜಿನ ಮುಳ್ಳು 185ಕ್ಕೆ ಇಳಿಯಿತು. ಒಂದು ಬೋಲ್ಟ್ ಸಡಿಲ. ಬಿಗಿ ಮಾಡಿ ಗಡಿಯಾರ ಮತ್ತೆ ಸೊನ್ನೆಯಿಂದ.

ಆ ವರ್ಷವೇ ಲೈಸೆನ್ಸ್‌ಗೆ ಅರ್ಜಿ ಹಾಕಿದೆ. ಕೆಲಸ ಮಾಡಿದ ದಾಖಲೆ, ವಿಮೆ, ಪರೀಕ್ಷೆ. ಪರೀಕ್ಷೆಗೆ ಪುಸ್ತಕ ನೋಡಿಕೊಂಡೇ ಬರೆಯಬಹುದಿತ್ತು. ಆದರೂ ಮೊದಲ ಸಲ ಫೇಲಾದೆ, ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಹುಡುಕುವುದರಲ್ಲೇ ಹೊತ್ತು ಹೋಯಿತು. ಕಂಪನಿಗೆ ಒಂದು ನೋಂದಣಿ, ಜವಾಬ್ದಾರಿ ಹೊರುವ ವ್ಯಕ್ತಿಗೆ ಬೇರೆ ಲೈಸೆನ್ಸ್. ನನ್ನ ಲೈಸೆನ್ಸನ್ನು ಇನ್ನೊಂದು ಕಂಪನಿಗೆ ಬಾಡಿಗೆಗೆ ಕೊಡುವ ಹಾಗಿಲ್ಲ. ಕೇಳಿದವರಿಗೇನೂ ಕಮ್ಮಿಯಿಲ್ಲ. ಸಹಿ ಹಾಕಿದವನೇ ಆ ಕಾಣದ ಜಲ್ಲಿಗೆ ಹೊಣೆ ಅನ್ನೋದು ಅವರಿಗೆ ಹೊಳೆಯುವುದಿಲ್ಲ.

ನನಗೆ ಸಿಕ್ಕಿದ್ದು ನೆಲದಡಿಯ ಲೈನಿಗೆ ಮಾತ್ರ. ಕಟ್ಟಡದೊಳಗೆ ನೆಲದಿಂದ ಒಂದಡಿ ಮೇಲೆ ಬಂದ ಫ್ಲೇಂಜ್‌ಗೆ, ಅಂದರೆ ಬೋಲ್ಟ್ ಹಾಕಿ ಜೋಡಿಸುವ ಪೈಪಿನ ಅಂಚಿಗೆ, ನನ್ನ ಕೆಲಸ ನಿಲ್ಲಬೇಕು. ಮೊನ್ನೆ ಒಬ್ಬ ಮಾಲೀಕರು, "ಗೋಡೆ ಸರಿಸಿದೀವಿ, ಎರಡೇ ಹೆಡ್ ಆ ಕಡೆ ಜರುಗಿಸಿಕೊಡಿ" ಅಂದರು. ಅರ್ಧ ದಿನದ ಕೆಲಸ, ಕೈಗೆ ಗೊತ್ತಿರುವುದೇ. ಫ್ಲೇಂಜ್‌ನಿಂದ ಮೇಲಿನ ಕೆಲಸದ ಲೈಸೆನ್ಸ್ ಇರುವವರ ನಂಬರ್ ಕೊಟ್ಟು ಬಂದೆ.