ಕೋಶವನ್ನು ಉಳಿಸಿದ್ದು ಯಾವುದು?

ನನ್ನ ಕೈಗೆ ಬಂದ ಹೊಸ ಸಂಯುಕ್ತ ಎಚ್‌ಟಿ-1080 ಕ್ಯಾನ್ಸರ್ ಕೋಶಗಳನ್ನು ಒಂದೇ ರಾತ್ರಿಯಲ್ಲಿ ಕೊಲ್ಲುತ್ತಿತ್ತು. ಕೋಶದ ಯೋಜಿತ ಸಾವಾದ ಅಪೊಪ್ಟೋಸಿಸ್‌ನಲ್ಲಿ ಕೋಶ ಕುಗ್ಗಿ ಚೂರಾಗುತ್ತದೆ. ಇಲ್ಲಿ ಅವು ಗುಳ್ಳೆಯಂತೆ ಉಬ್ಬಿ ಒಡೆಯುತ್ತಿದ್ದವು. ಇಂಥ ಸಾವಿನ ಬಗೆಯನ್ನು ಗುರುತಿಸಲು ಕೋಶವನ್ನು ಬದುಕಿಸಲು ಯತ್ನಿಸಬೇಕು. ಕ್ಯಾಸ್ಪೇಸ್‌ಗಳನ್ನು, ಅಂದರೆ ಅಪೊಪ್ಟೋಸಿಸ್ ನಡೆಸುವ ಕಿಣ್ವಗಳನ್ನು, ತಡೆಯುವ ಝಡ್-ವ್ಯಾಡ್ ಹಾಕಿದೆ, ಸಾವು ನಿಲ್ಲಲಿಲ್ಲ. ನೆಕ್ರಾಪ್ಟೋಸಿಸ್ ಎಂಬ ಇನ್ನೊಂದು ಬಗೆಯ ಸಾವನ್ನು ತಡೆಯುವ ನೆಕ್ರೊಸ್ಟಾಟಿನ್-1ಎಸ್ ಕೂಡ ಫಲಿಸಲಿಲ್ಲ. ಕೊಬ್ಬಿನ ಆಕ್ಸಿಡೀಕರಣವನ್ನು ತಡೆಯುವ ಫೆರೊಸ್ಟಾಟಿನ್-1 (1 ಮೈಕ್ರೊಮೋಲಾರ್) ಹಾಕಿದಲ್ಲಿ ಕೋಶಗಳು ಬೆಳಿಗ್ಗೆಯೂ ತಟ್ಟೆಗೆ ಅಂಟಿಕೊಂಡೇ ಇದ್ದವು. ಕಬ್ಬಿಣವನ್ನು ಹಿಡಿದಿಡುವ ಡಿಫೆರಾಕ್ಸಮೈನ್ ಸಹ ಕಾಪಾಡಿತು. ಅಂದರೆ ಪೊರೆಯ ಕೊಬ್ಬು ಕಬ್ಬಿಣದ ನೆರವಿನಿಂದ ಆಕ್ಸಿಡೀಕರಣಗೊಂಡು ಬರುವ ಸಾವು. 2012ರಲ್ಲಿ ಅದಕ್ಕೆ ಫೆರಾಪ್ಟೋಸಿಸ್ ಎಂಬ ಹೆಸರು ಬಂತು.

ಮರುವಾರ ಅದೇ ಪ್ರಯೋಗ ಕೈಕೊಟ್ಟಿತು. ತಟ್ಟೆಯಲ್ಲಿ ಕೋಶಗಳನ್ನು ದುಪ್ಪಟ್ಟು ದಟ್ಟವಾಗಿ ಬಿತ್ತಿದ್ದೆ. ಒತ್ತೊತ್ತಾಗಿ ಬೆಳೆದ ಕೋಶಗಳು ಈ ಸಾವಿಗೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ಅಂದಿನಿಂದ ಎಣಿಸದೆ ಬಿತ್ತಿಲ್ಲ.

ನಿಜವಾದ ಎಡವಟ್ಟು ಮುಂದಿತ್ತು. ಫೆರಾಪ್ಟೋಸಿಸ್ ತರುವ ಎರಾಸ್ಟಿನ್ ಎಂಬ ಸಂಯುಕ್ತ ಕೋಶದೊಳಕ್ಕೆ ಸಿಸ್ಟೀನ್ ಎಂಬ ಅಮೈನೊ ಆಮ್ಲ ಬರುವ ಬಾಗಿಲನ್ನು ಮುಚ್ಚಿ, ಅದರಿಂದ ತಯಾರಾಗುವ ರಕ್ಷಕ ಗ್ಲುಟಾಥಯೋನನ್ನು ಬರಿದಾಗಿಸುತ್ತದೆ. ಆರ್‌ಎಸ್‌ಎಲ್3 ಎಂಬ ಇನ್ನೊಂದು ಸಂಯುಕ್ತ, ಗ್ಲುಟಾಥಯೋನ್ ಬಳಸಿ ಪೊರೆಯ ಕೊಬ್ಬನ್ನು ಕಾಯುವ ಜಿಪಿಎಕ್ಸ್4 ಕಿಣ್ವಕ್ಕೆ ನೇರವಾಗಿ ಅಂಟಿಕೊಳ್ಳುತ್ತದೆ. ಗಂಧಕವುಳ್ಳ ಪುಟ್ಟ ಅಣು ಮರ್ಕ್ಯಾಪ್ಟೊಎಥನಾಲ್ ಸಿಸ್ಟೀನನ್ನು ಬಳಸುದಾರಿಯಿಂದ ಒಳಗೆ ಸೇರಿಸುವುದರಿಂದ ಎರಾಸ್ಟಿನ್ ತರುವ ಸಾವಿನಿಂದ ಕೋಶವನ್ನು ಉಳಿಸುತ್ತದೆ. ನನ್ನ ಸಂಯುಕ್ತದ ವಿಷಯದಲ್ಲೂ ಅದು ಉಳಿಸಿತು. ಎರಾಸ್ಟಿನ್‌ನ ತಂಗಿ ಸಿಕ್ಕಳೆಂದು ಪ್ರಯೋಗಾಲಯದ ಸಭೆಯಲ್ಲಿ ಹೇಳಿಯೂ ಬಿಟ್ಟೆ. ಆಮೇಲೆ ಅಳೆದು ನೋಡಿದರೆ ಗ್ಲುಟಾಥಯೋನ್ ಒಂದಿಷ್ಟೂ ಇಳಿದಿರಲಿಲ್ಲ!

ಎರಡು ದಿನ ಅಳತೆಯ ಕಿಟ್ಟನ್ನೇ ಬೈದೆ. ಕೊನೆಗೆ ಕೋಶಗಳೇ ಇಲ್ಲದ ಕೊಳವೆಯಲ್ಲಿ ಸಂಯುಕ್ತವನ್ನೂ ಮರ್ಕ್ಯಾಪ್ಟೊಎಥನಾಲನ್ನೂ ಬೆರೆಸಿ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಟ್ಟೆ. ಸಂಯುಕ್ತದ ತೂಕಕ್ಕೆ 78 ಡಾಲ್ಟನ್ ಸೇರಿತ್ತು, ಸರಿಯಾಗಿ ಒಂದು ಮರ್ಕ್ಯಾಪ್ಟೊಎಥನಾಲ್ ಅಣುವಿನಷ್ಟು. ನನ್ನದು ಗಂಧಕದ ಗುಂಪುಗಳನ್ನು ಕಂಡರೆ ಅಂಟುವ ಸ್ವಭಾವದ ಅಣು. ಮರ್ಕ್ಯಾಪ್ಟೊಎಥನಾಲ್ ಕೋಶವನ್ನು ಕಾಪಾಡಿರಲಿಲ್ಲ, ವಿಷವನ್ನೇ ನುಂಗಿತ್ತು. ಹತ್ತು ನಿಮಿಷದ ಈ ಪರೀಕ್ಷೆಯನ್ನು ಮೊದಲೇ ಮಾಡಬಹುದಿತ್ತು.

ಸಂಯುಕ್ತ ಕೋಶದಲ್ಲಿ ಯಾವ ಪ್ರೋಟೀನನ್ನು ಹಿಡಿಯುತ್ತದೆಂದು ಹುಡುಕಲು ಈ ಅಂಟುವ ಗುಣವೇ ಮುಂದೆ ಕೆಲಸಕ್ಕೆ ಬಂತು. ಸಂಯುಕ್ತಕ್ಕೆ ಪುಟ್ಟ ಆಲ್ಕೈನ್ ಬಾಲ ಸೇರಿಸಿ ಜೀವಂತ ಕೋಶಗಳಿಗೆ ಕೊಟ್ಟೆ. ಆಮೇಲೆ ಕೋಶಗಳನ್ನು ಒಡೆದು, ತಾಮ್ರದ ನೆರವಿನ ಕ್ಲಿಕ್ ಕ್ರಿಯೆಯಿಂದ ಬಾಲಕ್ಕೆ ಬಯೋಟಿನ್ ಕಟ್ಟಿ, ಬಯೋಟಿನನ್ನು ಗಟ್ಟಿಯಾಗಿ ಹಿಡಿಯುವ ಸ್ಟ್ರೆಪ್ಟಾವಿಡಿನ್ ಮಣಿಗಳಿಂದ ಎಳೆದೆ. ಮಣಿಗಳಲ್ಲಿ ಪ್ರೋಟೀನುಗಳ ಜಾತ್ರೆಯೇ ನೆರೆದಿತ್ತು. ಬಾಲವಿಲ್ಲದ ಮೂಲ ಸಂಯುಕ್ತವನ್ನು ಮೊದಲೇ ಕೊಟ್ಟು ಇದನ್ನೇ ಮತ್ತೆ ಮಾಡಿದಾಗ ಹೆಚ್ಚಿನವು ಕದಲಲಿಲ್ಲ. ಮೂಲ ಸಂಯುಕ್ತವೇ ಮೊದಲು ಹಿಡಿದುಕೊಂಡದ್ದರಿಂದ ಮಣಿಗಳಲ್ಲಿ ಜಾಗ ಖಾಲಿ ಮಾಡಿದ ಕೆಲವೇ ಪ್ರೋಟೀನುಗಳಲ್ಲಿ ಜಿಪಿಎಕ್ಸ್4 ಇತ್ತು.