ಮಹಿಷಾಸುರ ಬಂದಾಗ ಕೈಕೊಟ್ಟ ಕಾರ್ಡು

ಬದಿಯಡ್ಕದ ಆಚೆ ಒಂದು ಗದ್ದೆಯಲ್ಲಿ ಯಕ್ಷಗಾನ ಆಟ ಇತ್ತು. ನಡುರಾತ್ರಿ ಕಳೆದಿತ್ತು. ನಮ್ಮ ತೆಂಕುತಿಟ್ಟಿನ ಮಹಿಷಾಸುರ ಸೀದಾ ರಂಗಸ್ಥಳಕ್ಕೆ ಬರುವವನಲ್ಲ, ಜನರ ಹಿಂದಿನಿಂದ ಬರುತ್ತಾನೆ. ಎರಡೂ ಬದಿಯಲ್ಲಿ ದೊಂದಿ, ಅದಕ್ಕೆ ರಾಳದ ಪುಡಿ ಎರಚಿದಾಗ ಭಗ್ ಅಂತ ಏಳುವ ಬೆಂಕಿ, ಚೆಂಡೆಯ ಅಬ್ಬರ, ನಡುವೆ ಆ ಕೊಂಬಿನ ತಲೆ. ನಾನು ಗುಂಡಿ ಒತ್ತಿ ಹಿಡಿದೆ. ನನ್ನದು ನಿಕಾನ್ ಡಿ7500, ಸೆಕೆಂಡಿಗೆ 8 ಫೋಟೊ ತೆಗೆಯುತ್ತದೆ. ಆರು ಸೆಕೆಂಡು ಟಕಟಕ ಓಡಿತು. ಆಮೇಲೆ ಟಕ್... ಟಕ್... ಎರಡು ಸೆಕೆಂಡಿಗೆ ಒಂದು. ಮಹಿಷ ನನ್ನಿಂದ ನಾಲ್ಕು ಮಾರು ದೂರದಲ್ಲಿ ಗಿರಕಿ ಹೊಡೆದು ಆರ್ಭಟ ಕೊಟ್ಟಾಗ ಕ್ಯಾಮೆರಾ ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಕ್ಯಾಮೆರಾ ಹಾಳಾಯಿತು ಅಂತಲೇ ಅಂದುಕೊಂಡೆ. ಹಾಳಾಗಿರಲಿಲ್ಲ. ಒಳಗೆ ಇದ್ದದ್ದು ಹಳೇ ಮೊಬೈಲಿನಿಂದ ಕಿತ್ತು ಅಡಾಪ್ಟರಿಗೆ ತುರುಕಿದ ಮೈಕ್ರೊ ಎಸ್‌ಡಿ ಕಾರ್ಡು. ದುಡ್ಡು ಉಳಿಸಿದ್ದೇನೆ ಅಂತ ಹೆಮ್ಮೆ ಬೇರೆ ಇತ್ತು.

ಆಗುವುದು ಇಷ್ಟೇ. ಕೊಯ್ದ ಅಡಿಕೆಯನ್ನು ತಂದು ಮೊದಲು ಅಂಗಳದಲ್ಲಿ ಸುರಿಯುತ್ತೇವೆ, ಆಮೇಲೆ ಒಳಗೆ ಹೊರುತ್ತೇವೆ ಅಲ್ವಾ? ಕ್ಯಾಮೆರಾದ ಬಫರ್ ಆ ಅಂಗಳ, ಕಾರ್ಡು ಒಳಕೋಣೆ. ಡಿ7500ರ ಅಂಗಳದಲ್ಲಿ 50 ರಾ ಫೋಟೊ, ಅಂದರೆ ಕ್ಯಾಮೆರಾ ಬೇಯಿಸದೆ ಕೊಡುವ ಹಸಿ ಫೋಟೊ, ಹಿಡಿಯುತ್ತದೆ. ಒಂದೊಂದು ಸುಮಾರು 25 ಎಂಬಿ, ಒಟ್ಟು 1,250 ಎಂಬಿ. ನನ್ನ ಮೊಬೈಲ್ ಕಾರ್ಡು ಸೆಕೆಂಡಿಗೆ 12 ಎಂಬಿ ಬರೆಯುತ್ತಿತ್ತು, ಮನೆಗೆ ಬಂದು ಅಳೆದು ನೋಡಿದೆ. ಅಂಗಳ ಖಾಲಿಯಾಗಲು ಒಂದೂಮುಕ್ಕಾಲು ನಿಮಿಷ ಬೇಕು. ಅಷ್ಟರಲ್ಲಿ ಮಹಿಷ ರಂಗಸ್ಥಳ ಹತ್ತಿ ಆಗಿರುತ್ತದೆ.

ಮರುವಾರ ಕಾಸರಗೋಡು ಪೇಟೆಗೆ ಹೋದೆ. ಅಂಗಡಿಯ ಹುಡುಗ ಇದ್ದುದರಲ್ಲೇ ಜಾಸ್ತಿ ಬೆಲೆಯದ್ದನ್ನು ಮುಂದಿಟ್ಟ.

"ಇದು ತಗೊಳ್ಳಿ ಅಣ್ಣಾ, 300 ಉಂಟು ಸ್ಪೀಡು."

ತಿರುಗಿಸಿ ಹಿಂಬದಿ ನೋಡಿದೆ. ಚಿನ್ನದ ಬಣ್ಣದ ಕಾಲುಗಳು ಎರಡು ಸಾಲು. ಅದು ಯುಎಚ್‌ಎಸ್-2, ಕಾರ್ಡು ಕ್ಯಾಮೆರಾದ ಜೊತೆ ಮಾತಾಡುವ ದಾರಿಯ ಹೆಸರು. ನನ್ನ ಕ್ಯಾಮೆರಾ ಯುಎಚ್‌ಎಸ್-1ರದ್ದು, ಅದಕ್ಕೆ ಮೊದಲನೇ ಸಾಲು ಮಾತ್ರ ಗೊತ್ತು. ಹಾಕಿದರೆ ನಡೆಯುತ್ತದೆ, ಆದರೆ ಯುಎಚ್‌ಎಸ್-1ರ ವೇಗದಲ್ಲೇ. ಆ ದಾರಿಯ ಮಿತಿಯೇ ಸೆಕೆಂಡಿಗೆ 104 ಎಂಬಿ. ಎರಡನೇ ಸಾಲಿಗೆ ಸುಮ್ನೆ ದುಡ್ಡು ಸುರಿಯುವುದು ಯಾಕೆ?

"ನನ್ನ ಕ್ಯಾಮೆರಾಕ್ಕೆ ಅದು ಹೆಚ್ಚಾಯ್ತು ಮಾರಾಯ, ವಿ30 ಇದ್ದದ್ದು ಕೊಡು" ಅಂದೆ. ಅವನಿಗೆ ಸ್ವಲ್ಪ ಬೇಜಾರಾಯಿತು.

ಕಾರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುವ 170, 200 ಎಲ್ಲ ಓದುವ ವೇಗ. ಅಂದರೆ ಕಾರ್ಡಿನಿಂದ ಕಂಪ್ಯೂಟರಿಗೆ ಎಳೆದುಕೊಳ್ಳುವಾಗಿನದು. ಆಗಲೇ 104ರ ಮಿತಿ ಹೇಳಿದೆನಲ್ಲ, ಈ 170 ಎಲ್ಲಿಂದ ಬಂತು? ಅದು ಕಂಪನಿಗಳು ತಮ್ಮದೇ ಒಂದು ಉಪಾಯದಿಂದ ಕೊಡುವ ವೇಗ, ಅದಕ್ಕೆ ಹೊಂದುವ ರೀಡರ್ ಇದ್ದರೆ ಮಾತ್ರ ಸಿಗುತ್ತದೆ. ಫೋಟೊ ತೆಗೆಯುವವನಿಗೆ ಬೇಕಾದದ್ದು ಬರೆಯುವ ವೇಗ. ಅದು ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ನಾನು ನೋಡುವುದು ಮೂಲೆಯ ಪುಟ್ಟ ಗುರುತುಗಳನ್ನು. ವೃತ್ತದೊಳಗೆ 10 ಇದ್ದರೆ ಎಷ್ಟೇ ಕಡಿಮೆಯಾದರೂ ಸೆಕೆಂಡಿಗೆ 10 ಎಂಬಿ ಬರೆಯುತ್ತದೆ. ಬಟ್ಟಲಿನಂಥ ಇಂಗ್ಲಿಷ್ ಯು ಒಳಗೆ 3 ಇದ್ದರೆ, ಅಥವಾ ವಿ30 ಅಂತ ಇದ್ದರೆ, 30 ಎಂಬಿ. ವಿ60, ವಿ90 ದೊಡ್ಡವರ ಸಹವಾಸ. ನನ್ನ ಕ್ಯಾಮೆರಾದ 4ಕೆ ವಿಡಿಯೊ ಸೆಕೆಂಡಿಗೆ 144 ಮೆಗಾಬಿಟ್. ಎಂಟರಿಂದ ಭಾಗಿಸಿದರೆ 18 ಎಂಬಿ. ವಿ30 ಧಾರಾಳ ಆಯಿತು.

ಆ 300ರ ಕಾರ್ಡಿಗೆ ಕೇಳಿದ ದುಡ್ಡಿನಲ್ಲಿ ವಿ30ರ 64 ಜಿಬಿ ಕಾರ್ಡು ಎರಡು, ಒಂದು ಯುಎಸ್‌ಬಿ 3 ರೀಡರ್ ಬಂತು. ಇನ್ನೂ ಸ್ವಲ್ಪ ಉಳಿಯಿತು. ಒಂದೇ 128 ತೆಗೆದುಕೊಳ್ಳಬಹುದಿತ್ತು. ಆದರೆ ಈ ಕ್ಯಾಮೆರಾಕ್ಕೆ ಕಾರ್ಡಿನ ಗೂಡು ಒಂದೇ. ಕಾರ್ಡು ಸತ್ತರೆ ಆಟದ ಮೊದಲಿನ ಚೌಕಿಪೂಜೆಯಿಂದ ಕೊನೆಯ ಮಂಗಳದವರೆಗಿನ ಎಲ್ಲವೂ ಹೋಯಿತು. ಒಂದರಲ್ಲಿ ಎರಡು ಸಾವಿರಕ್ಕಿಂತ ಜಾಸ್ತಿ ರಾ ಹಿಡಿದರೂ ನಡುರಾತ್ರಿ ಕಳೆದ ಮೇಲೆ ಬದಲಾಯಿಸುತ್ತೇನೆ. ತೆಗೆದದ್ದನ್ನು ಅಂಗಿಯ ಜೇಬಿಗೆ ಹಾಕುವುದಿಲ್ಲ. ಒಮ್ಮೆ ಹಾಗೆ ಹಾಕಿ ಬಾವಿಕಟ್ಟೆಯಲ್ಲಿ ಬಗ್ಗಿದವನು ನಾನು, ಆ ಕಥೆ ಬೇಡ.

ರೀಡರಿಗೂ ದುಡ್ಡು ಹಾಕಿದ್ದಕ್ಕೆ ಕಾರಣ ಉಂಟು. ನನ್ನಲ್ಲಿದ್ದ ಹಳೇ ರೀಡರ್ ಯುಎಸ್‌ಬಿ 2ರದ್ದು. ಹೊಸ ಕಾರ್ಡನ್ನು ಅದಕ್ಕೆ ಹಾಕಿ ನೋಡಿದರೆ 35 ಎಂಬಿ ದಾಟುವುದೇ ಇಲ್ಲ. ಹುಡುಗ ನಕಲಿ ಕೊಟ್ಟ ಅಂತ ಮನಸ್ಸಿನಲ್ಲೇ ಬೈದೆ. ಪಾಪ, ತಪ್ಪು ರೀಡರಿನದು. ಹೊಸ ರೀಡರನ್ನು ಲ್ಯಾಪ್‌ಟಾಪಿನ ನೀಲಿ ನಾಲಿಗೆಯ ಪೋರ್ಟಿಗೆ ಸಿಕ್ಕಿಸಿದೆ. 90ರ ಹತ್ತಿರ ಬಂತು.

ನಕಲಿಯ ಹೆದರಿಕೆ ಸುಳ್ಳಲ್ಲ. ನನ್ನ ಅಳಿಯ ಹಿಂದೆ ತೀರಾ ಅಗ್ಗಕ್ಕೆ 256 ಜಿಬಿ ಕಾರ್ಡು ತರಿಸಿದ್ದ. ಕಂಪ್ಯೂಟರಿನಲ್ಲಿ 256 ಅಂತಲೇ ತೋರಿಸುತ್ತಿತ್ತು. ಒಳಗೆ ಇದ್ದದ್ದು 16 ಜಿಬಿ. ಅದು ತುಂಬಿದ ಮೇಲೂ ಕಾರ್ಡು ಬರೆದಂತೆ ನಟಿಸುತ್ತದೆ, ಫೋಟೊ ಮಾತ್ರ ಇರುವುದಿಲ್ಲ. ಅಕ್ಕನ ಮಗಳ ನಿಶ್ಚಿತಾರ್ಥದ ಅರ್ಧ ಚಿತ್ರಗಳು ಬೂದು ಪಟ್ಟಿಗಳಾಗಿ ಹೋದವು. ಆಮೇಲೆ ನಾನು ಯಾವ ಕಾರ್ಡು ತಂದರೂ ಮೊದಲು ಎಚ್2ಟೆಸ್ಟ್‌ಡಬ್ಲ್ಯೂ ಓಡಿಸುತ್ತೇನೆ. ವಿಂಡೋಸಿನಲ್ಲಿ ನಡೆಯುವ ಪುಟ್ಟ ತಂತ್ರಾಂಶ, ಕಾಸು ಕೊಡಬೇಕಿಲ್ಲ. ಕಾರ್ಡಿನ ತುಂಬ ಬರೆದು, ಬರೆದದ್ದನ್ನು ಓದಿ, ಲೆಕ್ಕ ಒಪ್ಪಿಸುತ್ತದೆ. ಲಿನಕ್ಸಿನವರಿಗೆ ಎಫ್3 ಉಂಟು. ನನ್ನ 64 ಜಿಬಿಗೆ ಅರ್ಧ ಗಂಟೆಯೊಳಗೆ ಮುಗಿಯಿತು, ಬರೆಯುವ ವೇಗ 70 ಚಿಲ್ಲರೆ ಅಂತ ತೋರಿಸಿತು. ನಂತರ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದೆ. ಅಡಾಪ್ಟರ್ ಕಸದ ಬುಟ್ಟಿಗೆ ಹೋಯಿತು.

ಮೊದಲ ಪರೀಕ್ಷೆ ಮುಳ್ಳೇರಿಯ ಕಡೆಯ ಒಂದು ಒತ್ತೆಕೋಲದಲ್ಲಿ, ದೈವ ಕೆಂಡಕ್ಕೆ ಬೀಳುವ ಕೋಲ ಅದು. ಬೆಳಗಿನ ಜಾವ, ಆಳೆತ್ತರದ ಕೆಂಡದ ರಾಶಿ, ತೆಂಗಿನ ಸಿರಿ ಉಟ್ಟ ವಿಷ್ಣುಮೂರ್ತಿ. ಹಿಡಿದವರ ಕೈಯಿಂದ ಕೊಸರಿಕೊಂಡು ಕೆಂಡಕ್ಕೆ ಬಿದ್ದ ಕ್ಷಣ ಗುಂಡಿ ಒತ್ತಿದೆ. ವ್ಯೂಫೈಂಡರಿನ ಮೂಲೆಯಲ್ಲಿ ಬಫರಿನ ಅಂಕಿ ಕಾಣುತ್ತದೆ. ಇಳಿಯಿತು, ಉಸಿರು ಬಿಡುವಷ್ಟರಲ್ಲಿ ಮತ್ತೆ ಏರಿತು. ಎಲ್ಲೂ ನಿಲ್ಲಲಿಲ್ಲ. ಮನೆಗೆ ಬಂದು ತೆರೆದರೆ ಮುನ್ನೂರು ಚಿತ್ರ, ಅರ್ಧಕ್ಕಿಂತ ಜಾಸ್ತಿ ಫೋಕಸ್ ಕೂತದ್ದು ಎದುರು ನಿಂತವರು ಎತ್ತಿ ಹಿಡಿದ ಮೊಬೈಲಿನ ಮೇಲೆ.