ಚಳಿಗೆ ಕಾರಿನ ಬಾಗಿಲು ಅಂಟಿಕೊಳ್ಳದಿರಲು
ಅಮೆರಿಕದ ಮಿನೆಸೋಟ, ಕೆನಡಾದ ಟೊರೊಂಟೊ ಕಡೆ ಹಳೆಯ ಕ್ಯಾಮ್ರಿ, ಅಕಾರ್ಡ್ ಕಾರು ಇಟ್ಟುಕೊಂಡಿರುವವರು ಮೊದಲ ಹಿಮ ಬೀಳುವ ಮುಂಚೆಯೇ ನಾಲ್ಕೂ ಬಾಗಿಲುಗಳ ಮತ್ತು ಡಿಕ್ಕಿಯ ರಬ್ಬರ್ ಪಟ್ಟಿಗೆ ಸಿಲಿಕೋನ್ ಗ್ರೀಸ್ ಸವರಿಬಿಡಿ. ವಯಸ್ಸಾದ ರಬ್ಬರಿನ ಸಣ್ಣ ಬಿರುಕುಗಳಲ್ಲಿ ನೀರು ನಿಂತು, ರಾತ್ರಿ ಹೆಪ್ಪುಗಟ್ಟಿ, ಬಾಗಿಲನ್ನು ಗೋಂದಿನಂತೆ ಹಿಡಿದುಕೊಳ್ಳುತ್ತದೆ. ಸಿಲಿಕೋನ್ ನೀರನ್ನು ನಿಲ್ಲಗೊಡುವುದಿಲ್ಲ, ಕಡು ಚಳಿಯಲ್ಲೂ ಗಟ್ಟಿಯಾಗುವುದಿಲ್ಲ. ಮೊದಲು ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಬಾಗಿಲಿನ ಕೆಳಮೂಲೆಯನ್ನು ಬಿಡಬೇಡಿ, ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು ಬೆರೆತ ಕಪ್ಪು ಕೆಸರು ಕೂರುವುದು ಅಲ್ಲಿಯೇ. ಒಂದು ಬಾಗಿಲಿಗೆ ಬಟಾಣಿ ಕಾಳಿನಷ್ಟು ಗ್ರೀಸ್ ಧಾರಾಳ. ವ್ಯಾಸಲೀನ್, ಎಂಜಿನ್ ಆಯಿಲ್ ಮಾತ್ರ ದಯವಿಟ್ಟು ಬೇಡ: ಪೆಟ್ರೋಲಿಯಂ ತಾಗಿದರೆ ಈ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಹಳೆಯ ಕಾರಿಗೆ ಹೊಸ ಪಟ್ಟಿಯ ಖರ್ಚು ದಂಡ. ಗಾಜಿಗೂ ತಾಗಿಸಬೇಡಿ, ವೈಪರ್ ಆಡಿದಾಗ ಮಂಜು ಮಂಜಾಗಿ ಕಾಣುತ್ತದೆ. ಜನವರಿ ನಡುವೆ ಇನ್ನೊಮ್ಮೆ ಸವರಿ. ಕಾರು ತೊಳೆಸಿದ ದಿನ ಬಾಗಿಲಂಚು ಒರೆಸಿಯೇ ನಿಲ್ಲಿಸಿ. ರಬ್ಬರ್ ಹರಿದಿದ್ದರೆ, ಬೀಗದ ಒಳಗೇ ನೀರು ಹೆಪ್ಪುಗಟ್ಟಿದ್ದರೆ, ಅಥವಾ ಹೆಪ್ಪುಗಟ್ಟುವ ಮಳೆ ಸುರಿದು ಇಡೀ ಬಾಗಿಲಿನ ಮೇಲೆ ಗಾಜಿನಂಥ ಪದರ ಕೂತಿದ್ದರೆ ಇದರಿಂದ ಪ್ರಯೋಜನವಿಲ್ಲ. ಆಗ ಹಿಡಿಯನ್ನು ಜಗ್ಗಬೇಡಿ, ಚಳಿಗೆ ಪೆಡಸಾದ ಪ್ಲಾಸ್ಟಿಕ್ ಮುರಿದು ಕೈಗೆ ಬರುತ್ತದೆ. ಅಂಗೈಯಿಂದ ಬಾಗಿಲಿನ ಅಂಚನ್ನು ಸುತ್ತಲೂ ಒಳಕ್ಕೆ ಒತ್ತಿ, ಮಂಜುಗಡ್ಡೆ ಚಟಚಟನೆ ಬಿಡುತ್ತದೆ. ಬಿಸಿನೀರನ್ನಂತೂ ಸುರಿಯಲೇಬೇಡಿ, ಗಾಜು ಸೀಳಬಹುದು.